ನೋಡದೆ ಗುರುತಿಸುವ ಲೆಕ್ಕ

ಹಲಸೂರಿನ ಸೋಮೇಶ್ವರ ದೇವಸ್ಥಾನದ ಆಚೀಚೆಯ ಬೀದಿಗಳಲ್ಲಿ ಧನುರ್ಮಾಸ ಬಂತೆಂದರೆ ನಸುಕಿನಲ್ಲೇ ಬಾಗಿಲಿಗೆ ನೀರು ಹಾಕುವ ಸದ್ದು ಶುರು. ನಮ್ಮ ಎದುರು ಮನೆಯ ಅಜ್ಜಿ ರಂಗೋಲಿಗೆ ಕೋಲ ಅನ್ನುತ್ತಾರೆ, ಚುಕ್ಕಿಗೆ ಪುಳ್ಳಿ. ದಂಡಿನ ಕಡೆಯ ಬೀದಿಗಳಲ್ಲಿ ತಮಿಳೂ ಕನ್ನಡವೂ ಒಂದೇ ನಲ್ಲಿಯ ನೀರು ಕುಡಿದು ಬೆಳೆದವು. ಒಂದು ದಿನ ಅವರು ಕೆ.ಆರ್. ಪುರದಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಹದಿಮೂರು ಚುಕ್ಕಿ, ಏಳರ ತನಕ, ಸಂದು ಚುಕ್ಕಿ.” ಅಷ್ಟೇ. ಮಗಳಿಗೆ ಯಾವ ಕೋಲವೆಂದು ತಿಳಿದುಹೋಯಿತು. ನನಗೆ ತಿಳಿಯಲಿಲ್ಲ. ಆ ಕೋಲವನ್ನು ಮೊದಲೇ ನೋಡಿದ್ದವರಿಗೆ ಮಾತ್ರ ಆ ಮೂರು ಮಾತು ಸಾಕು. ನೋಡಿರದವರು ಬರೀ ಲೆಕ್ಕ ಹಿಡಿದು ಇಡೀ ಚಿತ್ರ ಬಿಡಿಸಲಾರರು.

ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹಿಡಿಯುವ ತಂತ್ರವೆಲ್ಲ ಈ ಗುಣದ ಮೇಲೆ ನಿಂತಿದೆ.

ಬೇರೆ ಅಪರಾಧಗಳಲ್ಲಿ ಸಾಕ್ಷ್ಯವನ್ನು ಕೈಯಿಂದ ಕೈಗೆ ದಾಟಿಸಬಹುದು. ಕಳ್ಳನ ಫೋಟೊ ಠಾಣೆಯಿಂದ ಠಾಣೆಗೆ ಹೋಗುತ್ತದೆ, ಪೇಪರಿನಲ್ಲೂ ಬರುತ್ತದೆ. ಇಲ್ಲಿ ಹಾಗಲ್ಲ. ಚಿತ್ರವೇ ಅಪರಾಧ. ಅದನ್ನು ಇನ್ನೊಬ್ಬರಿಗೆ ಕಳಿಸಿದರೆ ಆ ಮಗುವಿಗೆ ಇನ್ನೊಮ್ಮೆ ಆದ ಹಿಂಸೆ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನ ಪ್ರಕಾರ ಅಂಥದ್ದನ್ನು ಹುಡುಕುವುದು, ಜಾಲಾಡುವುದು, ಇಳಿಸಿಕೊಳ್ಳುವುದು ಎಲ್ಲವೂ ತಪ್ಪು. ಹಾಗಿದ್ದ ಮೇಲೆ ಒಂದು ಕಂಪನಿ ಇನ್ನೊಂದಕ್ಕೆ, ಒಂದು ದೇಶ ಇನ್ನೊಂದು ದೇಶಕ್ಕೆ “ಇಂಥ ಚಿತ್ರ ನಿಮ್ಮಲ್ಲಿ ಬಂದರೆ ತಡೆಯಿರಿ” ಎಂದು ಹೇಳುವುದಾದರೂ ಹೇಗೆ? ಚಿತ್ರ ಕೊಡುವಂತಿಲ್ಲ. ಬಾಯಲ್ಲಿ ವರ್ಣಿಸಿದರೆ ಯಂತ್ರಕ್ಕೆ ಅರ್ಥವಾಗದು. ಉಳಿದದ್ದು ಚುಕ್ಕಿಯ ಲೆಕ್ಕ.

ಕಂಪ್ಯೂಟರಿನವರಿಗೆ ಇಂಥದೊಂದು ಲೆಕ್ಕ ಹಿಂದಿನಿಂದಲೂ ಗೊತ್ತು. ಹೆಸರು ಹ್ಯಾಶ್. ಯಾವುದೇ ಕಡತವನ್ನು ಒಂದು ಸೂತ್ರಕ್ಕೆ ಕೊಟ್ಟರೆ ನಿಗದಿತ ಉದ್ದದ ಒಂದು ಸಂಖ್ಯೆ ಹೊರಬರುತ್ತದೆ. ಅದೇ ಕಡತಕ್ಕೆ ಎಂದೂ ಅದೇ ಸಂಖ್ಯೆ. ಸಂಖ್ಯೆಯಿಂದ ಹಿಂದಕ್ಕೆ ಹೋಗಿ ಕಡತವನ್ನು ಕಟ್ಟಲಾಗದು. ಆದರೆ ಈ ಮಾಮೂಲಿ ಹ್ಯಾಶ್‌ಗೆ ಮಡಿ ಹೆಚ್ಚು. ಚಿತ್ರದ ಒಂದು ಚುಕ್ಕೆಯ ಬಣ್ಣ ಕೂದಲೆಳೆಯಷ್ಟು ಬದಲಾದರೂ ಪೂರ್ತಿ ಬೇರೆ ಸಂಖ್ಯೆ ಕೊಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಫೋಟೊ ಕಳಿಸಿದರೆ ಅದು ಕುಗ್ಗಿಯೇ ಹೋಗುತ್ತದೆ. ಹಾಗಾಗಿ ಮೊದಲ ಫಾರ್ವರ್ಡಿಗೇ ಈ ಉಪಾಯ ಕೈಕೊಡುತ್ತದೆ.

2009ರಲ್ಲಿ ಮೈಕ್ರೊಸಾಫ್ಟ್ ಮತ್ತು ಆಗ ಡಾರ್ಟ್‌ಮತ್ ಕಾಲೇಜಿನಲ್ಲಿದ್ದ ಪ್ರಾಧ್ಯಾಪಕ ಹ್ಯಾನಿ ಫರೀದ್ ಸೇರಿ ಮಾಡಿದ ಫೋಟೊಡಿಎನ್‌ಎ ಇದಕ್ಕೆ ಮದ್ದು ಹುಡುಕಿತು. ಅದರ ಕೆಲಸ ತಿಳಿಯಲು ಸೋಮೇಶ್ವರನ ಗೋಪುರದ ಫೋಟೊ ಒಂದನ್ನು ಇಟ್ಟುಕೊಳ್ಳೋಣ. ಮೊದಲು ಬಣ್ಣ ತೆಗೆದು ಕಪ್ಪು ಬಿಳುಪು ಮಾಡಬೇಕು. ದೊಡ್ಡದಿರಲಿ ಚಿಕ್ಕದಿರಲಿ, ಒಂದೇ ಗಾತ್ರಕ್ಕೆ ತರಬೇಕು. ಅದರ ಮೇಲೆ ಚೌಕಾಬಾರದ ಮನೆಗಳ ಹಾಗೆ ಗೆರೆ ಎಳೆಯಬೇಕು. ಈಗ ಒಂದೊಂದು ಮನೆಯನ್ನೂ ಕೇಳಬೇಕು: ನಿನ್ನೊಳಗೆ ಬೆಳಕು ಎಡದಿಂದ ಬಲಕ್ಕೆ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ, ಮೇಲಿಂದ ಕೆಳಕ್ಕೆ ಹೇಗೆ? ಗೋಪುರದ ಅಂಚಿರುವ ಮನೆಯಲ್ಲಿ ಆಕಾಶದ ಬಿಳುಪು ಥಟ್ಟನೆ ಕಲ್ಲಿನ ಕಪ್ಪಿಗೆ ಬೀಳುತ್ತದೆ. ಬರೀ ಆಕಾಶವಿರುವ ಮನೆಯಲ್ಲಿ ಏನೂ ಆಗುವುದಿಲ್ಲ. ಈ ಏರಿಳಿತಗಳನ್ನೆಲ್ಲ ಅಂಕಿಗಿಳಿಸಿದರೆ ಕೊನೆಗೆ 144 ಸಂಖ್ಯೆಗಳ ಒಂದು ಸಾಲು. ಫೋಟೊವನ್ನು ಕುಗ್ಗಿಸಿದರೂ ಬಣ್ಣ ಬದಲಿಸಿದರೂ ಮೂಲೆಗೆ ಹೆಸರು ಬರೆದರೂ ಆ ಸಾಲು ಅಲ್ಪಸ್ವಲ್ಪ ಅಲುಗಬಹುದೇ ಹೊರತು ಬೇರೆಯಾಗದು. ಎರಡು ಸಾಲುಗಳ ನಡುವಿನ ಅಂತರ ಇಷ್ಟಕ್ಕಿಂತ ಕಡಿಮೆಯಿದ್ದರೆ ಎರಡೂ ಒಂದೇ ಚಿತ್ರ ಎಂದು ತೀರ್ಮಾನ. ಸ್ಕೂಟರು ಹಾಯ್ದು ಅರ್ಧ ಅಳಿಸಿದ ಕೋಲವನ್ನು ನಮ್ಮ ಅಜ್ಜಿ ಗುರುತಿಸುವುದೂ ಹೀಗೇ. ತೀರಾ ಕತ್ತರಿಸಿಬಿಟ್ಟರೆ ಅವರೂ ಸೋಲುತ್ತಾರೆ, ಯಂತ್ರವೂ ಸೋಲುತ್ತದೆ.

2019ರಲ್ಲಿ ಫೇಸ್‌ಬುಕ್ ಪಿಡಿಕ್ಯೂ ಎಂಬ ಇಂಥದೇ ಸೂತ್ರವನ್ನು, ವಿಡಿಯೊಗಾಗಿ ಇನ್ನೊಂದನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಇಂಥ ಸಂಖ್ಯೆಗಳ ಪಟ್ಟಿ ಇಡುವ ಸಂಸ್ಥೆಗಳೂ ಇವೆ. ಅಮೆರಿಕದ ಎನ್‌ಸಿಎಂಇಸಿ, ಅಂದರೆ ಕಳೆದುಹೋದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ, 1984ರಲ್ಲಿ ಹುಟ್ಟಿದ್ದು. ಇಂಥ ಚಿತ್ರಗಳ ವರದಿ ಪಡೆಯುವ ಅದರ ಸೈಬರ್ ಟಿಪ್‌ಲೈನ್ ಶುರುವಾದದ್ದು 1998ರಲ್ಲಿ. ಬ್ರಿಟನ್ನಿನ ಇಂಟರ್ನೆಟ್ ವಾಚ್ ಫೌಂಡೇಶನ್ 1996ರದ್ದು. ಎರಡೂ ಕಡೆಯ ತರಬೇತಾದ ಕೆಲವರು ಚಿತ್ರವನ್ನು ನೋಡಿ ಖಚಿತಪಡಿಸುತ್ತಾರೆ, ಸಂಖ್ಯೆ ಪಟ್ಟಿಗೆ ಸೇರುತ್ತದೆ. ಆಮೇಲೆ ಲಕ್ಷಾಂತರ ಸಲ ಅದೇ ಚಿತ್ರ ಎಲ್ಲೆಲ್ಲೋ ಏರಿದಾಗ ಯಾರೂ ಮತ್ತೆ ಅದನ್ನು ನೋಡಬೇಕಾಗಿಲ್ಲ. ಹಳೇ ಮದರಾಸು ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಕೂತ ಎಂಜಿನಿಯರನಿಗೂ ಈ ಪಟ್ಟಿ ಬರೀ ಅಂಕಿಗಳ ಕಡತ, ಮನೆಗೆ ಹೋಗಿ ಊಟ ಮಾಡಬಹುದು. ಪೈಪೋಟಿಯ ಕಂಪನಿಗಳು ಒಂದರ ಜೊತೆ ಒಂದು ಮಾತಾಡಲು ಒಪ್ಪಿದ್ದಕ್ಕೆ ಮುಖ್ಯ ಕಾರಣ ಒಳ್ಳೆಯತನವಲ್ಲ, ಮಾತಾಡಲು ನಿರಪಾಯದ ಒಂದು ಭಾಷೆ ಸಿಕ್ಕಿದ್ದು ಎಂದೇ ನನ್ನ ಅನಿಸಿಕೆ.

ಅಮೆರಿಕದ ಕಾನೂನಿನಂತೆ ಅಲ್ಲಿನ ಕಂಪನಿಗಳು ಇಂಥ ಚಿತ್ರ ಕಣ್ಣಿಗೆ ಬಿದ್ದರೆ ಟಿಪ್‌ಲೈನಿಗೆ ತಿಳಿಸಲೇಬೇಕು. 2019ರಲ್ಲಿ ಬಂದ ಸುಮಾರು 1.69 ಕೋಟಿ ವರದಿಗಳಲ್ಲಿ 19.8 ಲಕ್ಷಕ್ಕೂ ಹೆಚ್ಚು ಭಾರತಕ್ಕೆ ಸಂಬಂಧಿಸಿದವು. ಮರುವರ್ಷ 27 ಲಕ್ಷ. ಪೇಪರುಗಳು “ಭಾರತವೇ ಮೊದಲು” ಎಂದು ಬರೆದವು. ಆ ಅಂಕಿಯನ್ನು ಹಾಗೆ ಓದಬಾರದು. ಒಂದು ವರದಿ ಎಂದರೆ ಒಂದು ಮಗುವೂ ಅಲ್ಲ, ಒಬ್ಬ ಅಪರಾಧಿಯೂ ಅಲ್ಲ. 2020ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ತಾನು ಕಳಿಸಿದ ವರದಿಗಳನ್ನು ಫೇಸ್‌ಬುಕ್ ತೂರಿ ನೋಡಿತು. ಶೇಕಡಾ 90ಕ್ಕೂ ಹೆಚ್ಚು ಹಳೆಯ ಚಿತ್ರಗಳೇ, ಇಲ್ಲವೇ ಅವುಗಳ ತದ್ರೂಪು. ಅರ್ಧಕ್ಕಿಂತ ಹೆಚ್ಚು ಪಾಲು ಆರೇ ಆರು ವಿಡಿಯೊಗಳ ಪ್ರತಿಗಳು! ಹಂಚಿದ 150 ಖಾತೆಗಳನ್ನು ಪರಿಶೀಲಿಸಿದಾಗ ಮುಕ್ಕಾಲಿಗೂ ಹೆಚ್ಚು ಜನರಲ್ಲಿ ಮಗುವಿಗೆ ಕೇಡು ಮಾಡುವ ಉದ್ದೇಶ ಕಾಣಲಿಲ್ಲ. ಸಿಟ್ಟಿನಿಂದ ಹಂಚಿದವರಿದ್ದರು, ಕೆಟ್ಟ ತಮಾಷೆಗೆ ಹಂಚಿದವರಿದ್ದರು.

ಸಿಟ್ಟಿನ ಫಾರ್ವರ್ಡು ನಮಗೆ ಚೆನ್ನಾಗಿ ಗೊತ್ತು. “ಈ ಪಾಪಿ ಸಿಗುವ ತನಕ ಶೇರ್ ಮಾಡಿ” ಎಂಬ ಒಕ್ಕಣೆಯೊಂದಿಗೆ ಅಪಾರ್ಟ್‌ಮೆಂಟ್ ಗುಂಪಿಗೋ ಹಳೆಯ ವಿದ್ಯಾರ್ಥಿಗಳ ಗುಂಪಿಗೋ ಒಂದು ವಿಡಿಯೊ ಬಂದು ಬೀಳುತ್ತದೆ. ಕಳಿಸಿದವರು ನಿವೃತ್ತ ಮೇಷ್ಟ್ರೇ ಆಗಿರಬಹುದು. ಪಾಪಿ ಸಿಗುತ್ತಾನೋ ಇಲ್ಲವೋ, ಮಗುವಂತೂ ಎಲ್ಲರಿಗೂ ಸಿಕ್ಕಿತು.

ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದ್ದ ಅತ್ಯಾಚಾರದ ವಿಡಿಯೊಗಳ ಬಗ್ಗೆ 2015ರ ಫೆಬ್ರವರಿಯಲ್ಲಿ ಹೈದರಾಬಾದಿನ ಪ್ರಜ್ವಲಾ ಸಂಸ್ಥೆ ಸುಪ್ರೀಂ ಕೋರ್ಟಿಗೆ ಪತ್ರ ಬರೆಯಿತು, ಜೊತೆಗೊಂದು ಪೆನ್‌ಡ್ರೈವ್. ಸಂಸ್ಥೆ ಕಟ್ಟಿದ ಸುನಿತಾ ಕೃಷ್ಣನ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಪತ್ರ ತಲುಪಿದಾಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ನಮ್ಮವರೇ ಆದ ಎಚ್.ಎಲ್. ದತ್ತು. ಕೋರ್ಟು ಆ ಪತ್ರವನ್ನೇ ಅರ್ಜಿಯೆಂದು ಎತ್ತಿಕೊಂಡಿತು. 2017ರಲ್ಲಿ ಸರ್ಕಾರದವರೂ ಗೂಗಲ್, ಫೇಸ್‌ಬುಕ್, ಮೈಕ್ರೊಸಾಫ್ಟ್, ವಾಟ್ಸ್‌ಆ್ಯಪ್‌ನವರೂ ಒಂದೇ ಸಮಿತಿಯಲ್ಲಿ ಕೂರಬೇಕಾಯಿತು. ಹೆಸರು ಹೇಳದೆಯೂ ದೂರು ಕೊಡಬಹುದಾದ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲ್ 2018ರ ಸೆಪ್ಟೆಂಬರಿನಲ್ಲಿ ಬಂದದ್ದು ಈ ದಾರಿಯಲ್ಲೇ.

ಇನ್ನು ಸಂಖ್ಯೆ ಹೊಂದಿಕೆಯಾದ ಮೇಲಿನ ಕಥೆ. 2019ರ ಏಪ್ರಿಲ್ 26ರಂದು ದೆಹಲಿಯ ಎನ್‌ಸಿಆರ್‌ಬಿ, ಅಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಮೆರಿಕದ ಆ ಕೇಂದ್ರದ ಜೊತೆ ಒಪ್ಪಂದ ಮಾಡಿಕೊಂಡಿತು. ಅಂದಿನಿಂದ ಟಿಪ್‌ಲೈನಿನ ಭಾರತದ ವರದಿಗಳು ದೆಹಲಿಗೆ ಬಂದು ರಾಜ್ಯಗಳಿಗೆ ಹಂಚಿಕೆಯಾಗುತ್ತವೆ. ಕರ್ನಾಟಕದ ಪಾಲಿಗೆ ಆ ಕೆಲಸದ ದೊಡ್ಡ ಮನೆ ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್, ಸಿಐಡಿ ಕಚೇರಿ. ದೇಶದ ಮೊದಲ ಸೈಬರ್ ಕ್ರೈಂ ಪೊಲೀಸ್ ಠಾಣೆ ಶುರುವಾದದ್ದು 2001ರಲ್ಲಿ, ಬೆಂಗಳೂರಿನಲ್ಲೇ. ಆಮೇಲೆ ಜಿಲ್ಲೆಗಳಲ್ಲೂ ನಗರದ ವಿಭಾಗಗಳಲ್ಲೂ ಸೆನ್ ಠಾಣೆಗಳು ಬಂದವು, ಸೈಬರ್, ಆರ್ಥಿಕ, ಮಾದಕವಸ್ತು ಮೂರಕ್ಕೂ ಸೇರಿ.

ಠಾಣೆಯ ಮೇಜಿಗೆ ಬರುವ ವರದಿಯಲ್ಲಿ ಹೆಸರು, ವಿಳಾಸ ಇರಬೇಕೆಂದಿಲ್ಲ. ಹೆಚ್ಚಿನ ಸಲ ಇರುವುದು ಒಂದು ಐಪಿ ವಿಳಾಸ, ಒಂದು ಸಮಯ. ಐಪಿ ಎಂದರೆ ಇಂಟರ್ನೆಟ್ಟಿನ ಮನೆ ನಂಬರು ಎಂದು ಹೇಳಿಕೊಡುತ್ತಾರೆ. ಬೆಂಗಳೂರಿನ ಪೂರ್ವಭಾಗದಲ್ಲಿ ಅದನ್ನು ಪಿ.ಜಿ.ಯ, ಅಂದರೆ ಒಂದೇ ಮನೆಯಲ್ಲಿ ಮಂಚಕ್ಕೊಬ್ಬರು ಬಾಡಿಗೆಗಿರುವ ವಸತಿಯ, ನಂಬರು ಎನ್ನುವುದೇ ಸರಿ. ಮೊಬೈಲ್ ಕಂಪನಿಗಳು ಒಂದೇ ಐಪಿಯ ಹಿಂದೆ ನೂರಾರು ಗ್ರಾಹಕರನ್ನು ಕೂಡಿಸಿರುತ್ತವೆ. ಮನೆ ನಂಬರು ಗೊತ್ತಾದರೆ ಸಾಲದು, ಯಾವ ಮಂಚ ಎಂದೂ ಗೊತ್ತಾಗಬೇಕು. ಆ ಮಂಚದ ಸಂಖ್ಯೆಗೆ ಪೋರ್ಟ್ ಎನ್ನುತ್ತಾರೆ. ವರದಿಯಲ್ಲಿ ಪೋರ್ಟ್ ಇಲ್ಲದಿದ್ದರೆ ತನಿಖೆ ಬಾಗಿಲಲ್ಲೇ ನಿಂತುಬಿಡುತ್ತದೆ.

ಸಮಯದ್ದು ಇನ್ನೊಂದು ತೊಡಕು. ಇಂಥ ವರದಿಗಳಲ್ಲಿ ಗಡಿಯಾರ ಯುಟಿಸಿಯದ್ದು, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ವರದಿಯಲ್ಲಿ 14ನೇ ತಾರೀಖು 20:10 ಎಂದಿದ್ದರೆ ಹಲಸೂರಿನಲ್ಲಿ ಅದು 15ರ ನಸುಕಿನ 1:40. ಕೂಡಲು ಮರೆತರೆ ದಿನವೇ ಬೇರೆ, ಮಂಚದಲ್ಲಿ ಮಲಗಿದ್ದವನೂ ಬೇರೆ. ಹೆದರಿಸಲು ಹೇಳುತ್ತಿಲ್ಲ. 2007ರ ಆಗಸ್ಟಿನಲ್ಲಿ ಆಗಿನ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿಯ ಬಗ್ಗೆ ಬಂದ ಅವಹೇಳನದ ಬರಹಕ್ಕಾಗಿ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ಹಿಡಿದುಕೊಂಡು ಹೋದರು. 50 ದಿನ ಜೈಲು. ಇಂಟರ್ನೆಟ್ ಒದಗಿಸುವ ಕಂಪನಿ ಕೊಟ್ಟ ಐಪಿಯ ವಿವರವೇ ತಪ್ಪಾಗಿತ್ತು, ಆತನಿಗೂ ಆ ಬರಹಕ್ಕೂ ಸಂಬಂಧವಿರಲಿಲ್ಲ. ವಿಷಯ ಬೇರೆ, ಸರಪಳಿ ಇದೇ. ಮಕ್ಕಳ ಪ್ರಕರಣದಲ್ಲಿ ಇಂಥ ತಪ್ಪಾದರೆ ಆ ಮನುಷ್ಯ ಬೀದಿಯಲ್ಲಿ ಮತ್ತೆ ತಲೆ ಎತ್ತುವುದು ಕಷ್ಟ. ಹಾಗಾಗಿ ಈ ಸರಪಳಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ವಿಜ್ಞಾನ ಎನಿಸುವುದು 144 ಸಂಖ್ಯೆಗಳ ಲೆಕ್ಕವಲ್ಲ, ಠಾಣೆಯ ಮೇಜಿನ ಮೇಲೆ ಕಾಗದದಲ್ಲಿ ಮಾಡುವ ಐದೂವರೆ ಗಂಟೆಯ ಕೂಡುವ ಲೆಕ್ಕ.

ಸರಪಳಿ ಎಷ್ಟು ನಿಧಾನ ಎನ್ನುವುದಕ್ಕೆ ಇಲ್ಲಿನದೇ ಉದಾಹರಣೆಯಿದೆ. ಒಬ್ಬಾತ ಮಕ್ಕಳ ಅಶ್ಲೀಲ ಚಿತ್ರಗಳ ಜಾಲತಾಣ ನೋಡಿದ್ದನೆಂಬ ಆರೋಪ 2022ರ ಮಾರ್ಚಿನದು. ಬೆಂಗಳೂರಿನಲ್ಲಿ ಎಫ್‌ಐಆರ್ ಆದದ್ದು 2023ರ ಮೇಯಲ್ಲಿ. ಅಷ್ಟು ತಿಂಗಳ ಮೇಲೆ ಮೊಬೈಲ್ ಕಂಪನಿಯ ಬಳಿ ದಾಖಲೆ ಸಿಕ್ಕೀತು, 2021ರ ಡಿಸೆಂಬರಿನ ತಿದ್ದುಪಡಿಯಂತೆ ಅವರು ಎರಡು ವರ್ಷ ಇಟ್ಟುಕೊಳ್ಳಬೇಕು. ಪಿ.ಜಿ.ಯ ವೈಫೈ ಪೆಟ್ಟಿಗೆಯನ್ನು ಯಾರು ಕೇಳಬೇಕು? ಈ ಪ್ರಕರಣ ಕರ್ನಾಟಕ ಹೈಕೋರ್ಟಿನಲ್ಲಿ ಇನ್ನೊಂದು ತಿರುವು ಪಡೆಯಿತು. 2024ರ ಜುಲೈಯಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ, ಬರೀ ನೋಡಿದ್ದು ಪ್ರಕಟಿಸಿದಂತೆಯೂ ಅಲ್ಲ, ರವಾನಿಸಿದಂತೆಯೂ ಅಲ್ಲ ಎಂದು ಕೇಸು ರದ್ದು ಮಾಡಿತು. ಕೆಲವೇ ದಿನಗಳಲ್ಲಿ ಅದೇ ಪೀಠ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. 67ಬಿಯ ಎರಡನೆಯ ಉಪಕಲಮಿನಲ್ಲಿ ಜಾಲಾಡುವುದೂ ಅಪರಾಧವೆಂಬ ಮಾತು ಇತ್ತು, ಅದು ಕಣ್ತಪ್ಪಿತ್ತು. ಅಂಥ ತಪ್ಪನ್ನು ತೆರೆದ ನ್ಯಾಯಾಲಯದಲ್ಲಿ ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು ಚೆನ್ನೈನ ಒಂದು ಪ್ರಕರಣದಲ್ಲಿ ಕಾನೂನನ್ನು ಸ್ಪಷ್ಟ ಮಾಡಿತು, ಜೊತೆಗೆ ಪದವನ್ನೂ ತಿದ್ದಿತು. ‘ಮಕ್ಕಳ ಅಶ್ಲೀಲ ಚಿತ್ರ’ ಎನ್ನಬೇಡಿ, ‘ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ’ ಎನ್ನಿ. ಉದ್ದ ಹೆಸರು, ಒಪ್ಪುತ್ತೇನೆ. ಹಳೆಯ ಹೆಸರಿನಲ್ಲಿ ಮಗುವಿಗೂ ಅದರಲ್ಲಿ ಪಾಲಿದೆ ಎಂಬ ವಾಸನೆಯಿತ್ತು. ಮೇಲೆ ನಾನೇ ಆ ಹಳೆಯ ಪದ ಬಳಸಿದ್ದೇನೆ, ಆರೋಪಪಟ್ಟಿಯ ಭಾಷೆ ಅದು.

ವರದಿಗಳೆಲ್ಲ ಪ್ರಕರಣವಾಗುವುದಿಲ್ಲ. 27 ಲಕ್ಷ ವರದಿಯ ಆ 2020ರಲ್ಲೇ ಎನ್‌ಸಿಆರ್‌ಬಿ ಲೆಕ್ಕದ ಪ್ರಕಾರ ಮಕ್ಕಳ ವಿರುದ್ಧದ ಸೈಬರ್ ಅಪರಾಧದಲ್ಲಿ ಕರ್ನಾಟಕಕ್ಕೆ ಎರಡನೆಯ ಸ್ಥಾನ, ಉತ್ತರ ಪ್ರದೇಶದ ನಂತರ. ಪ್ರಕರಣಗಳು 144. ಫೋಟೊಡಿಎನ್‌ಎಯ ಸಂಖ್ಯೆಗಳೂ 144, ಕಾಕತಾಳೀಯ.

ಹ್ಯಾಶ್ ಸಂಖ್ಯೆಗೆ ಗೊತ್ತಿರುವುದು ಹಳೆಯ ಚಿತ್ರ ಮಾತ್ರ. ನಿನ್ನೆ ತೆಗೆದದ್ದು ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ಬೇರೆ ಯಂತ್ರ ಬೇಕು, ಸಾವಿರಾರು ಉದಾಹರಣೆ ನೋಡಿ ಊಹಿಸಲು ಕಲಿತದ್ದು. ಊಹೆ ಎಂದ ಮೇಲೆ ತಪ್ಪೂ ಉಂಟು. 2021ರಲ್ಲಿ ಅಮೆರಿಕದ ಒಬ್ಬ ತಂದೆ ಎಳೆಯ ಮಗನ ಗುಪ್ತಾಂಗದ ಬಾವಿನ ಫೋಟೊ ತೆಗೆದ, ಡಾಕ್ಟರಿಗೆ ತೋರಿಸಲು. ಗೂಗಲ್ಲಿನ ಯಂತ್ರ ಅದನ್ನು ಹಿಡಿಯಿತು. ಪೊಲೀಸರು ವಿಚಾರಿಸಿ ಏನೂ ಇಲ್ಲವೆಂದು ಮುಗಿಸಿದರೂ ಖಾತೆ ಮಾತ್ರ ವಾಪಸು ಬರಲಿಲ್ಲ. ಕೋವಿಡ್ ಕಾಲದಲ್ಲಿ ಮಗುವಿನ ಗಂದೆಯ ಫೋಟೊ ಡಾಕ್ಟರಿಗೆ ಕಳಿಸಿದ ತಾಯಂದಿರು ನಮ್ಮ ಬೀದಿಯಲ್ಲೇ ಎಷ್ಟಿಲ್ಲ? ಹೊಂದಿಸುವ ಯಂತ್ರ ಬೇರೆ, ಊಹಿಸುವ ಯಂತ್ರ ಬೇರೆ. ಎರಡನ್ನೂ ಒಂದೇ ಹೆಸರಿನಲ್ಲಿ ಮಾರುವವರನ್ನು ನಂಬಬಾರದು.

ಗೂಢಲಿಪಿಯ ಜಗಳವೂ ಈ ಹೊಂದಿಸುವ ಕೆಲಸದ್ದೇ. ಕಳಿಸಿದವರು, ಪಡೆದವರು ಬಿಟ್ಟು ಮೂರನೆಯವರಿಗೆ ಕಾಣದ ಸಂದೇಶದಲ್ಲಿ ಕಂಪನಿ ಏನನ್ನು ಹೊಂದಿಸಿ ನೋಡೀತು? ಆ್ಯಪಲ್ 2021ರ ಆಗಸ್ಟಿನಲ್ಲಿ ಫೋನಿನೊಳಗೇ ಹೊಂದಿಸುತ್ತೇನೆ ಎಂದಿತು, ಗದ್ದಲವೆದ್ದಿತು, 2022ರ ಡಿಸೆಂಬರಿನಲ್ಲಿ ಕೈಬಿಟ್ಟಿತು. ಇಂದು ಮಕ್ಕಳ ಚಿತ್ರದ ಪಟ್ಟಿ, ನಾಳೆ ಸರ್ಕಾರಕ್ಕೆ ಬೇಡವಾದ ವ್ಯಂಗ್ಯಚಿತ್ರದ ಪಟ್ಟಿ ಎಂಬ ಭಯ ನನಗೆ ಅತಿ ಎನಿಸುವುದಿಲ್ಲ.

ಹೊಸ ಚಿತ್ರದಲ್ಲಿರುವ ಮಗುವನ್ನು ಕೊನೆಗೂ ಹುಡುಕುವುದು ಮನುಷ್ಯರ ಕಣ್ಣು. ಆ ಕಣ್ಣು ನೋಡುವುದು ಮಗುವನ್ನಲ್ಲ, ಹಿನ್ನೆಲೆಯನ್ನು. ಯುರೋಪೋಲ್ 2017ರಿಂದ ಚಿತ್ರಗಳ ಹಿನ್ನೆಲೆಯ ವಸ್ತುಗಳನ್ನಷ್ಟೇ ಕತ್ತರಿಸಿ ಜನರ ಮುಂದಿಡುತ್ತಿದೆ: ಒಂದು ಚೀಲ, ಒಂದು ಬಾಟಲಿ, ಒಂದು ಪರದೆಯ ಬಟ್ಟೆ. ಇದು ಎಲ್ಲಿಯದು ಗೊತ್ತೆ? ಹಲಸೂರಿನ ಬಜಾರ್ ಸ್ಟ್ರೀಟಿನ ಯಾವುದೋ ಬಟ್ಟೆ ಅಂಗಡಿಯ ಕವರು ಅಂಥ ಚಿತ್ರದ ಮೂಲೆಯಲ್ಲಿದ್ದರೆ ಜಗತ್ತಿನ ಯಾವ ಕಂಪ್ಯೂಟರಿಗಿಂತಲೂ ಬೇಗ ಗುರುತಿಸುವವರು ನಮ್ಮ ಅಜ್ಜಿ. ಇಂಟರ್‌ಪೋಲಿನ ಅಂತರರಾಷ್ಟ್ರೀಯ ಚಿತ್ರಸಂಗ್ರಹಕ್ಕೆ ಭಾರತ 68ನೇ ದೇಶವಾಗಿ ಸೇರಿದ್ದು 2022ರಲ್ಲಿ. ಅಲ್ಲಿನ ವಿಶ್ಲೇಷಕರು ನೋಡುವುದೂ ಇಂಥವನ್ನೇ. ಇನ್ನೊಂದು ಸುಳಿವು ಕ್ಯಾಮೆರಾದ್ದು. ಯಾವ ಸೆನ್ಸರಿನಲ್ಲೂ ಎಲ್ಲ ಕಣಗಳೂ ಬೆಳಕಿಗೆ ಒಂದೇ ಸಮ ಸ್ಪಂದಿಸುವುದಿಲ್ಲ. ಆ ಏರುಪೇರು ಪ್ರತಿ ಫೋನಿಗೂ ಬೇರೆ, ತೆಗೆದ ಪ್ರತಿ ಚಿತ್ರದಲ್ಲೂ ಮಚ್ಚೆಯಂತೆ ಉಳಿಯುತ್ತದೆ. ಅಮೆರಿಕದಲ್ಲಿ ಜೆಸಿಕಾ ಫ್ರಿಡ್ರಿಕ್ ಮತ್ತು ಸಂಗಡಿಗರು ಈ ಶತಮಾನದ ಮೊದಲ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಎರಡು ಊರಿನ ಎರಡು ಚಿತ್ರ ಒಂದೇ ಫೋನಿನವು ಎನ್ನಲು ಇದು ಸಾಕು.

ಎಂಟನೇ ಕ್ಲಾಸಿನ ಹುಡುಗಿಯೋ ಹುಡುಗನೋ ಗೇಮಿನಲ್ಲಿ ಪರಿಚಯವಾದವರನ್ನು ನಂಬಿ ತನ್ನದೇ ಚಿತ್ರ ಕಳಿಸಿ ಆಮೇಲೆ ಬೆದರಿಕೆಗೆ ಸಿಕ್ಕುವುದು ಈಗಿನ ಹೊಸ ರೂಪ. ಆ ಮಗುವಿಗೆ ಅಪ್ಪನಿಗೆ ಹೇಳಲೂ ಭಯ, ಪೊಲೀಸರಿಗೆ ತೋರಿಸಲೂ ನಾಚಿಕೆ. ಎನ್‌ಸಿಎಂಇಸಿಯ ಟೇಕ್ ಇಟ್ ಡೌನ್ ಎಂಬ ಸೇವೆಯಲ್ಲಿ ಅದೇ ಚುಕ್ಕಿಯ ಲೆಕ್ಕ ಮಗುವಿನ ಕೈಗೇ ಬಂದಿದೆ. ಚಿತ್ರ ಫೋನು ಬಿಟ್ಟು ಹೊರಗೆ ಹೋಗುವುದಿಲ್ಲ. ಫೋನೇ ಸಂಖ್ಯೆ ತೆಗೆದು ಕಳಿಸುತ್ತದೆ, ಸೇರಿರುವ ಕಂಪನಿಗಳು ಆ ಸಂಖ್ಯೆಯ ಚಿತ್ರ ಬಂದರೆ ತಡೆಯುತ್ತವೆ. ಹೆಸರು ಕೇಳುವುದಿಲ್ಲ. ಸೈಬರ್ ದೂರಿಗೆ 1930, ಮಕ್ಕಳ ಸಹಾಯವಾಣಿಗೆ 1098.

ಮಗು ಯಾರೆಂದು ಗೊತ್ತಾದ ಮೇಲೆ ನಡೆಯಬೇಕಾದದ್ದನ್ನು 2012ರ ಪೋಕ್ಸೊ ಕಾಯ್ದೆಯ 24ನೇ ಕಲಮು ಹೇಳುತ್ತದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದು ಒಪ್ಪುವ ಕಡೆಯಲ್ಲೋ ಪಡೆಯಬೇಕು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು. ಬರುವವರು ಸಮವಸ್ತ್ರದಲ್ಲಿರಬಾರದು. ಜೀಪು ಬೀದಿಯ ಆಚೆಗೇ ನಿಲ್ಲಬೇಕು ಎಂದು ಕಾಯ್ದೆ ಬರೆದಿಲ್ಲ, ತಿಳಿದವರು ಹಾಗೆಯೇ ಮಾಡುತ್ತಾರೆ. ಬಾಗಿಲ ಮುಂದಿನ ಕೋಲ ತುಳಿಯದೆ ದಾಟಿ ಒಳಗೆ ಬಂದವರನ್ನು ಎದುರು ಮನೆಯವರು ನೋಡಿದರೂ, ಯಾರೋ ನೆಂಟರು ಬಂದು ಕಾಫಿ ಕುಡಿದು ಹೋದರು ಎಂದುಕೊಳ್ಳಬೇಕು.